ಬಾವಿಯ ಮೇಲಿನ ಧ್ವಜಕಟ್ಟೆ

ಡೊಂಬಿವಲಿ ಪೂರ್ವ
೧೦ ಆಗಸ್ಟ್ ೨೦೨೫, ಭಾನುವಾರ

ಈ ಕಾಗದ ಒಡೆದವನು ಯಾರು ಎಂದು ಮೊದಲು ತಿಳಿಯಬೇಕು. ಪಂಚಾಯಿತಿ ಆಫೀಸಿನ ಮತ್ಯಾವನೋ ಆಗಿದ್ದರೆ, ಅಜ್ಜಿ ಮೊಮ್ಮಗನಿಗೆ ಬರೆದದ್ದಕ್ಕೆ ಕೈಹಾಕಲು ನಿನಗೆ ನಾಚಿಕೆಯಿಲ್ಲವೇ, ಇದ್ದ ಹಾಗೆ ಮಡಚಿ ಅಧ್ಯಕ್ಷನ ಮೇಜಿನ ಮೇಲಿಟ್ಟು ಚಹಾ ಕುಡಿಯಲು ಹೋಗು. ಗುರುನಾಥನೇ ಆಗಿದ್ದರೆ ನಿನಗೆ ಅವನಿಗಿಂತ ಹೆಚ್ಚು ಬೈಗುಳವಿದೆ. ಕುಳಿತುಕೊಂಡು ಓದು.

ಪ್ರೀತಿಯ ಮೊಮ್ಮಗ ಗುರುನಾಥನಿಗೆ ಅಜ್ಜಿ ಚಂದ್ರಬಾಯಿಯ ಆಶೀರ್ವಾದಗಳು. ನಿನ್ನ ಹೊಟ್ಟೆ ಹೇಗಿದೆ? ಸಭೆ ಸಭೆ ಎಂದು ಕಂಡವರ ಮನೆಯ ಮಿರ್ಚಿ ಭಜಿ ತಿನ್ನುವುದನ್ನು ಬಿಟ್ಟಿದ್ದೀಯೋ ಇಲ್ಲವೋ? ಕಾಂಚನಾಳ ಬೆನ್ನುನೋವು ಇಳಿಯಿತೇ? ಹೆಂಡತಿಯ ಬೆನ್ನಿಗೆ ಎಣ್ಣೆ ತಿಕ್ಕಿದರೆ ಅಧ್ಯಕ್ಷಗಿರಿ ಕರಗಿಹೋಗುವುದಿಲ್ಲ, ತಿಕ್ಕು. ನನ್ನ ಕಣ್ಣಿನ ಪೊರೆ ತೆಗೆದು ತಿಂಗಳ ಮೇಲಾಯಿತು. ಈಗ ಗೋಡೆಯ ಮೇಲಿನ ಹಲ್ಲಿಯ ಮೀಸೆಯೂ ಕಾಣುತ್ತದೆ. ಇಲ್ಲಿ ಮಳೆ ಹಿಡಿದು ಕುಳಿತಿದೆ. ನಿನ್ನ ತಂಗಿ ಅಪೇಕ್ಷಾ ಠಾಣೆ ಶಹರದ ಆಫೀಸಿನಿಂದ ದಿನಾ ಒದ್ದೆ ಬೆಕ್ಕಿನ ಹಾಗೆ ಬರುತ್ತಾಳೆ, ಲೋಕಲ್ ರೈಲನ್ನೂ ರೈಲು ಓಡಿಸುವವರನ್ನೂ ಮರಾಠಿಯಲ್ಲಿ ಬೈಯುತ್ತಾಳೆ. ಅವಳಿಗೆ ಕನ್ನಡ ಓದಲು ಬಾರದು, ಆದ್ದರಿಂದ ಅವಳ ಬಗ್ಗೆ ಏನು ಬೇಕಾದರೂ ಬರೆಯಬಹುದು. ನಿನಗೆ ಆ ನೆಪ ಇಲ್ಲ. ಈ ಚಾಳಿನ ನೆಲದ ಮೇಲೆ ಸುಣ್ಣದ ಕಡ್ಡಿ ಹಿಡಿಸಿ ನಿನಗೆ ಅಕ್ಷರ ತಿದ್ದಿಸಿದವಳು ಮೂರನೇ ಇಯತ್ತೆ ಓದಿದ ಈ ಮುದುಕಿಯೇ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮಾತು ಹಿಡಿಸದಿದ್ದರೆ ನೆಟ್‌ವರ್ಕ್ ಇಲ್ಲ ಎಂದು ನೀನು ಕಟ್ ಮಾಡುತ್ತೀ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲ.

ನೀನು ಕಳಿಸಿದ ಫೋಟೋವನ್ನು ಅಪೇಕ್ಷಾ ತೋರಿಸಿದಳು. ಹೊಸ ಧ್ವಜಕಟ್ಟೆ, ಸುತ್ತ ಮೂರು ಮೆಟ್ಟಿಲು, ನಡುವೆ ಹೊಳೆಯುವ ಸ್ಟೀಲಿನ ಕಂಬ. ಸೆಪ್ಟೆಂಬರ್ ಹದಿನೇಳಕ್ಕೆ, ನಿಜಾಮನ ರಾಜ್ಯ ಮುಗಿದ ದಿನದ ಹಬ್ಬಕ್ಕೆ, ಅಲ್ಲೇ ಬಾವುಟ ಏರಿಸುತ್ತೀಯಂತೆ, ಸುತ್ತಲಿನ ನೆಲಕ್ಕೆ ಟೈಲ್ಸ್ ಹಾಕುವುದೊಂದು ಬಾಕಿಯಂತೆ. ಲಾಕ್‌ಡೌನಿನಲ್ಲಿ ಟೆಂಪೋ ಹತ್ತಿ ಊರಿಗೆ ಹೋದ ಹುಡುಗ ಅಲ್ಲೇ ಬೇರುಬಿಟ್ಟು, ಆರಿಸಿ ಬಂದು ಕಟ್ಟೆ ಕಟ್ಟಿಸುವ ಹಂತಕ್ಕೆ ಬಂದನಲ್ಲ ಎಂದು ಮೊದಲು ಹೆಮ್ಮೆಯಾಯಿತು. ಆಮೇಲೆ ಕಟ್ಟೆಯ ಹಿಂದಿನ ಬೇವಿನ ಮರ ನೋಡಿದೆ. ಎರಡು ಕವಲಾಗಿ ಒಂದು ಕವಲು ನೆಲಕ್ಕೆ ಬಾಗಿದ ಬೇವು ನಮ್ಮೂರಲ್ಲಿ ಒಂದೇ ಇದೆ. ಹಾಳುಬಾವಿಯ ಬೇವು. ರಜೆಗೆ ಊರಿಗೆ ಹೋದಾಗ ಅಲ್ಲಿ ಗೋಲಿ ಆಡಿದ್ದಕ್ಕೆ ನೀನು ನನ್ನಿಂದ ಪೆಟ್ಟು ತಿಂದಿದ್ದೆ, ನೆನಪಿದೆಯೇ? ಯಾಕೆ ಹೊಡೆದೆ ಎಂದು ಈಗ ಹೇಳುತ್ತೇನೆ. ಅದಕ್ಕೆ ಮೊದಲು ಟಿವಿಯಲ್ಲಿ ಬಂದದ್ದನ್ನು ಹೇಳಬೇಕು, ಯಾಕೆಂದರೆ ಅಲ್ಲಿಂದಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿದ್ದು.

ಮೊನ್ನೆ ಸಂಜೆ ಕೆಳಗಿನ ಮನೆಯ ಲಕ್ಷ್ಮೀಕಾಂತರು ಬಂದಿದ್ದರು. ನಿನಗೆ ಗೊತ್ತಲ್ಲ, ಉಡುಪಿ ಕಡೆಯವರು, ಠಾಣೆ ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸಿ ಈಗ ಮಗನಿಗೆ ಬಿಟ್ಟಿದ್ದಾರೆ. ಅವರ ಮನೆಯ ಟಿವಿ ಹೆಂಡತಿಯ ಸೀರಿಯಲ್ಲಿನ ಪಾಲು, ಆದ್ದರಿಂದ ಸುದ್ದಿ ನೋಡಲು ನಮ್ಮಲ್ಲಿಗೆ ಬರುತ್ತಾರೆ. ಯಾವುದೋ ದೂರದ ದೇಶದ ದೊಡ್ಡವನೊಬ್ಬ, ಹೆಸರು ನನ್ನ ಬಾಯಿಗೆ ಬರುವುದಿಲ್ಲ, ಇನ್ನೊಂದು ದೇಶದ ಸಣ್ಣ ಹಳ್ಳಿಗೆ ಹೋಗಿ ಒಂದು ಕಲ್ಲಿನ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಹಿಂದಿನ ಯುದ್ಧದಲ್ಲಿ ಅವನ ದೇಶದ ಸಿಪಾಯಿಗಳು ಆ ಹಳ್ಳಿಯನ್ನು ಜನರ ಸಮೇತ ಸುಟ್ಟಿದ್ದರಂತೆ. ನಮ್ಮವರೇ ಮಾಡಿದ್ದು, ಮರೆತಿಲ್ಲ ಎಂದು ಹೇಳಿದನಂತೆ. ಎದುರಿಗೆ ಕೋಲು ಹಿಡಿದ ಮುದುಕಿಯೊಬ್ಬಳು ಕುಳಿತಿದ್ದಳು. ಲಕ್ಷ್ಮೀಕಾಂತರಿಗೆ ಸಿಟ್ಟು ಬಂತು. "ಅಲ್ಲ ಮಾರಾಯ್ರೆ, ಇವ ಎಂತ ಮಾಡಿದ್ದು? ಮಾಡಿದವರೆಲ್ಲ ಸತ್ತು ಹೋದ್ರಲ್ಲ" ಎಂದರು. ದೇಶದ ಯಜಮಾನ ಹೀಗೆ ಬಗ್ಗಿದರೆ ವೈರಿ ಅದನ್ನೇ ಹಿಡಿದು ನಾಳೆ ಹೊಡೆಯುತ್ತಾನೆ, ಗಡಿಯಲ್ಲಿ ನಿಂತ ಹುಡುಗರ ಎದೆ ಕುಗ್ಗುತ್ತದೆ ಎಂದೂ ಹೇಳಿದರು. ಅಪೇಕ್ಷಾ ಮೊಬೈಲಿನಿಂದ ತಲೆ ಎತ್ತದೆ, ಸಾರಿ ಎನ್ನಲು ಏನು ಹೋಗುತ್ತದೆ ಅಂಕಲ್ ಎಂದು ಹಿಂದಿಯಲ್ಲಿ ಕೇಳಿದಳು. ನನಗೆ ಇಬ್ಬರ ಮಾತೂ ಸರಿಬರಲಿಲ್ಲ. ಏನೂ ಹೋಗುವುದಿಲ್ಲ ಎಂದಾದರೆ ಅದನ್ನು ಹೇಳಿ ಏನು ಬಂತು? ಆ ದೊಡ್ಡವನ ಮುಖ ನೋಡಿದರೆ ಏನೋ ಹೋದ ಹಾಗೇ ಕಾಣುತ್ತಿತ್ತು. ಲಕ್ಷ್ಮೀಕಾಂತರಿಗೆ ನಾನು ಹೇಳಿದೆ: ಮಾಡಿದವರು ಸತ್ತರು ಸರಿ, ಗೆದ್ದವರೂ ಸತ್ತಿದ್ದಾರಲ್ಲ, ಅವರ ಗೆಲುವನ್ನು ಮಾತ್ರ ನಾವು ವರ್ಷವರ್ಷ ಮೈಕು ಹಚ್ಚಿ ನಮ್ಮದು ನಮ್ಮದು ಎನ್ನುತ್ತೇವೆ, ಮನೆ ಬೇಕು, ಮನೆಯ ಮೇಲಿನ ಸಾಲ ಬೇಡ ಎಂದರೆ ಯಾವ ಕೋರ್ಟು ಒಪ್ಪುತ್ತದೆ. ಅವರು ಚಹಾದ ಕಪ್ಪು ಕೆಳಗಿಟ್ಟು, "ಚಂದ್ರಬಾಯಿಯವ್ರೇ, ನೀವು ಹೋಟೆಲಿಗೆ ಬರ್ಲಿಲ್ಲ, ನನ್ನ ಪುಣ್ಯ" ಎಂದು ನಕ್ಕರು. ವೈರಿಯ ವಿಷಯಕ್ಕೆ ಬಂದರೆ, ಹೊಡೆಯುವವನು ಬಗ್ಗಿದರೂ ಹೊಡೆಯುತ್ತಾನೆ, ನಿಂತರೂ ಹೊಡೆಯುತ್ತಾನೆ ಎಂದಷ್ಟೇ ಅನಿಸುತ್ತದೆ.

ಅಜ್ಜಿಗೆ ಬಾವುಟದ ಮೇಲೆ ಸಿಟ್ಟು ಎಂದು ತಿಳಿಯಬೇಡ. ನನ್ನ ತಾಯಿಯ ಒಬ್ಬನೇ ತಮ್ಮ ಸಿದ್ರಾಮನನ್ನು ನಿಜಾಮನ ಪರ ಬಂದೂಕು ಹಿಡಿದ ರಜಾಕಾರರು ಹೊಲದಿಂದ ಎಳೆದೊಯ್ದು ಕೊಂದರು. ನಾನಾಗ ಎದೆಹಾಲು ಕುಡಿಯುವ ಕೂಸು. ಭಾರತದ ದಂಡು ಬಂದು ನಿಜಾಮನ ಆಳ್ವಿಕೆ ಮುಗಿಸಿದಾಗ ನನ್ನ ತವರಿನಲ್ಲಿ ಒಂದು ವಾರ ಯಾರೂ ಮಲಗಲಿಲ್ಲವಂತೆ, ಅಷ್ಟು ಸಂತೋಷ. ಅದು ಸುಳ್ಳು ಸಂತೋಷ ಅಲ್ಲ. ಆಮೇಲೆ ಪ್ರತಿವರ್ಷ ಆ ದಿನ ತವರಿನಲ್ಲಿ ಬಾವುಟ ಏರಿಸಿ ಸತ್ತವರ ಹೆಸರು ಓದುತ್ತಿದ್ದರು. ಅವ್ವ ತಲೆಗೆ ಎಣ್ಣೆ ಹಚ್ಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕುಳಿತುಕೊಳ್ಳುತ್ತಿದ್ದಳು. ಕೊನೆಕೊನೆಗೆ ಅವಳ ಕಿವಿ ಪೂರ್ತಿ ಹೋಗಿತ್ತು. ಆದರೂ ಹೋಗುವುದು ಬಿಡಲಿಲ್ಲ. ಓದುವವನ ತುಟಿಯನ್ನೇ ನೋಡುತ್ತಿದ್ದಳು. ಸಿದ್ರಾಮ ಎನ್ನುವಾಗ ತುಟಿ ಹೇಗೆ ಕೂಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಷ್ಟು ಕಂಡರೆ ಎದ್ದು ಮನೆಗೆ ಬಂದು, ಆ ದಿನ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದಳು. ಹೆಸರು ನಾಲ್ಕು ಜನರ ಎದುರು ಬಿದ್ದರೆ ಒಂದು ಜೀವಕ್ಕೆ ಏನು ಸಿಗುತ್ತದೆ ಎಂದು ಪುಸ್ತಕ ಓದಿದವರು ನನಗೆ ಹೇಳಿಕೊಡಬೇಕಾಗಿಲ್ಲ.

ಈಗ ಬಾವಿಯ ಮಾತು. ನಾನು ಆ ಊರಿಗೆ ಸೊಸೆಯಾಗಿ ಬಂದಾಗ ನನ್ನ ಅತ್ತೆ ಒಂದೇ ಒಂದು ಸಲ ಹೇಳಿದ್ದು. ದಂಡು ಬಂತು, ಬಂದೂಕು ಇದ್ದವರಿಂದ ಬಂದೂಕು ಕಿತ್ತುಕೊಂಡು ಮುಂದಿನ ಊರಿಗೆ ಹೋಯಿತು. ನಮ್ಮೂರಿನಲ್ಲಿದ್ದ ಸಾಬರ ಮನೆಗಳು ಕೆಲವೇ. ಒಬ್ಬ ರಜಾಕಾರನೂ ಅವರಲ್ಲಿ ಇರಲಿಲ್ಲ. ಕಾಯಬೇಕಾದ ಹೊಸ ಸರ್ಕಾರ ಇನ್ನೂ ದಾರಿಯಲ್ಲಿತ್ತು. ಆ ನಡುವಿನ ಎರಡು ದಿನಗಳಲ್ಲಿ ಊರವರೇ ಅವರ ಗಂಡಸರನ್ನು ಕೊಂದು ಬಾವಿಗೆ ಹಾಕಿ, ಮೇಲೆ ಕಲ್ಲುಮಣ್ಣು ತುಂಬಿದರು. ಅವರಲ್ಲಿ ಬಂದಗಿಸಾಬನೂ ಒಬ್ಬ. ಮೊಹರಮ್ಮಿನಲ್ಲಿ ಊರ ಅಲಾಯಿ ದೇವರನ್ನು ಎತ್ತುತ್ತಿದ್ದವನು ಅವನೇ. ಆ ದೇವರ ಲೋಹದ ಹಸ್ತ, ಪಂಜಾ, ಇಡುವ ಪೆಟ್ಟಿಗೆ ಇದ್ದದ್ದೂ ಅವನ ಮನೆಯಲ್ಲೇ. ಎರಡು ತಿಂಗಳೊಳಗೆ ಮೊಹರಮ್ ಬಂತು. ಎತ್ತುವವರು ಯಾರೂ ಇಲ್ಲ. ದೇವರು ಏಳದಿದ್ದರೆ ಮಳೆಬೆಳೆ ಹೋದೀತೆಂದು ಹೆದರಿ, ಊರವರು ಅವನ ಮನೆಯ ಬೀಗ ಒಡೆದು, ಪಂಜಾ ತೊಳೆದು ತಾವೇ ಎತ್ತಿದರು. ಕುಣಿಯಲ್ಲಿ ಬೆಂಕಿ ಹಾಕಿ, ಸುತ್ತ ಹೆಜ್ಜೆ ಹಾಕುತ್ತ ಎದೆ ಬಡಿದುಕೊಂಡರು. "ಆ ವರ್ಷ ಊರಾಗ ಎಲ್ಲಾರೂ ಭಾಳ ಅತ್ತರು, ಚಂದ್ರಿ. ಬಾಯಾಗ ಹುಸೇನನ ಹೆಸರು, ಹೊಟ್ಟ್ಯಾಗ ಬಂದಗಿಸಾಬ." ಅತ್ತೆ ಹೇಳಿದ್ದು ಇಷ್ಟೇ. ನಿನ್ನ ಮುತ್ತಜ್ಜ ಆ ದಿನ ಎಲ್ಲಿದ್ದ ಎಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಊರಿನಲ್ಲಿ ಒಬ್ಬ ಸಾಬನೂ ಇಲ್ಲದಿದ್ದರೂ ಇವತ್ತಿಗೂ ಮೊಹರಮ್ ನಡೆಯುತ್ತದೆ. ಹೋದ ತಿಂಗಳು ನೀನೇ ಕೆಂಪು ಲಾಡಿ ಕಟ್ಟಿಕೊಂಡು ದೇವರು ಹಿಡಿದ ಫೋಟೋ ಕಳಿಸಿದ್ದೆ. ಸಾವಿರ ವರ್ಷದ ಹಿಂದೆ ಯಾವುದೋ ದೇಶದಲ್ಲಿ ಸತ್ತವರಿಗೆ ನಮ್ಮೂರು ಕಣ್ಣೀರು ಹಾಕುತ್ತದೆ. ಅಳಲು ಬಾರದ ಊರಲ್ಲ ಅದು.

ಇದನ್ನೆಲ್ಲ ನನ್ನ ಜೊತೆಗೇ ಸುಟ್ಟುಹೋಗಲಿ ಎಂದು ಬಿಟ್ಟಿದ್ದೆ. ಕಣ್ಣಿನ ಆಪರೇಶನ್ನಿಗೆ ಕಲ್ಯಾಣಕ್ಕೆ ಹೋದಾಗ ಪಟ್ಟಿ ಕಟ್ಟಿ ಬೆಂಚಿನ ಮೇಲೆ ಕೂರಿಸಿದ್ದರು. ಪಕ್ಕದಲ್ಲಿ ಇನ್ನೊಬ್ಬಳು ಮುದುಕಿ, ಕೈ ಹಿಡಿದ ನರ್ಸಿಗೆ "ಮೆಲ್ಲಕ ಯವ್ವಾ, ಎಲುಬು ಹಳೇವು" ಎಂದಳು. ನರ್ಸು ಮಲಯಾಳಿ, ಅವಳಿಗೇನು ತಿಳಿಯಬೇಕು. ನಾನು ನಕ್ಕುಬಿಟ್ಟೆ. ಮುಖ ಕಾಣದೆಯೇ ಮಾತಿಗೆ ಕುಳಿತೆವು. ಯಾವ ಊರು ಎಂದೆ. ನಮ್ಮೂರ ಹೆಸರೇ ಹೇಳಿದಳು. ನೋಡಿದ ನೆನಪಿಲ್ಲ, ಅವ್ವ ಸೊಂಟದ ಮೇಲೆ ಹೊತ್ತುಕೊಂಡು ಸೊಲ್ಲಾಪುರಕ್ಕೆ ಓಡಿ ಬಂದಳಂತೆ, ಕನ್ನಡ ಅವ್ವ ಕಲಿಸಿದ್ದು ಎಂದಳು. ಹೆಸರು ಲಾಡ್ಲೆಬಿ. ಅಪ್ಪ ಯಾರು ಎಂದು ಕೇಳುವ ಮೊದಲೇ ನನಗೆ ಗೊತ್ತಾಗಿತ್ತು, ಆದರೂ ಕೇಳಿದೆ. ಬಂದಗಿಸಾಬ ಎಂದಳು. ಪಟ್ಟಿ ಕಟ್ಟಿದ್ದು ಒಳ್ಳೆಯದಾಯಿತು. ಈಗ ವಾರಕ್ಕೊಮ್ಮೆ ಅವಳು ಡೊಂಬಿವಲಿಗೆ ಬರುತ್ತಾಳೆ, ಇಲ್ಲವೇ ನಾನು ರಿಕ್ಷಾದಲ್ಲಿ ಕಲ್ಯಾಣಕ್ಕೆ ಹೋಗುತ್ತೇನೆ. ನಿನ್ನ ಕಟ್ಟೆಯ ಫೋಟೋ ಅವಳಿಗೂ ತೋರಿಸಿ, ಬಾವಿ ಇದರ ಕೆಳಗಿದೆ ಎಂದು ಹೇಳಿದೆ. ತೋರಿಸಬಾರದು ಎಂದು ಅಪೇಕ್ಷಾ ಕಣ್ಣು ಬಿಟ್ಟಳು, ನಾನು ಕೇಳಲಿಲ್ಲ. ಲಾಡ್ಲೆಬಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ಬೇವು ಚೆನ್ನಾಗಿ ಬೆಳೆದಿದೆ ಎಂದಳು. ಆಮೇಲೆ ಅಂದದ್ದು: "ಕೊಂದವರ ಹೆಸರು ನನಗ ಬ್ಯಾಡವ್ವ. ನಮ್ಮಪ್ಪನ ಹೆಸರು ಯಾರಾರ ಒಬ್ಬರು ಹೇಳಲಿ."

ನಿನ್ನ ಸಂಕಟ ನನಗೆ ತಿಳಿಯದೆ ಇಲ್ಲ. ಆ ಎರಡು ದಿನಗಳಲ್ಲಿ ಕೈ ಎತ್ತಿದವರ ಮೊಮ್ಮಕ್ಕಳೇ ನಿನಗೆ ಓಟು ಹಾಕಿದವರು, ನಿನ್ನ ಪಕ್ಕದ ಕುರ್ಚಿಯಲ್ಲಿ ಕೂರುವವರು. ಸತ್ತ ಹಾವನ್ನು ಯಾಕೆ ಎಳೆದೆ ಎನ್ನುತ್ತಾರೆ. ನಿನ್ನ ಅಜ್ಜಿಗೆ ವಯಸ್ಸಾಗಿ ತಲೆ ಕೆಟ್ಟಿದೆ ಎನ್ನುತ್ತಾರೆ, ಅನ್ನಲಿ, ಆ ಮಾತನ್ನು ನಿನ್ನ ಅಜ್ಜನೂ ಅನ್ನುತ್ತಿದ್ದ. ರಜಾಕಾರರು ಮಾಡಿದ್ದಕ್ಕೆ ಯಾರು ತಲೆ ತಗ್ಗಿಸಿದರು ಎಂದು ಕೇಳಿದರೆ, ಸಿದ್ರಾಮನ ಅಕ್ಕನ ಮಗಳೇ ಈ ಮಾತು ಬರೆದಿದ್ದಾಳೆ ಎಂದು ಹೇಳು. ಇದು ದಿಲ್ಲಿಯ ದೊಡ್ಡವರು ಬಂದು ಹೇಳಬೇಕಾದ ಮಾತು, ದಂಡು ಕಳಿಸಿದವರು ಅವರೇ, ಹಿಂದೆಯೇ ಕಾವಲು ಕಳಿಸಬೇಕಾಗಿದ್ದವರೂ ಅವರೇ. ಬಂದರೆ ನಾನೇ ಚಾಪೆ ಹಾಸುತ್ತೇನೆ. ಆದರೆ ಅವರು ಬರುವ ತನಕ ಲಾಡ್ಲೆಬಿ ಇರುವುದಿಲ್ಲ. ಆ ಕಟ್ಟೆಯ ಮಟ್ಟಿಗೆ, ಹಗ್ಗ ಎಳೆಯುವವನೇ ದೇಶದ ದೊಡ್ಡವನು. ಬಾವುಟ ಅಲ್ಲೇ ಹಾರಲಿ. ಕಟ್ಟೆ ಬೇಡ ಎಂದು ನಾನು ಹೇಳುತ್ತಿಲ್ಲ. ತನ್ನ ಕೆಳಗೆ ಏನಿದೆ ಎಂದು ಅದಕ್ಕೂ ಗೊತ್ತಿರಲಿ.

ಕಾಂಚನಾಳಿಗೂ ನೆರೆಮನೆಯ ಜಟ್ಟೆಪ್ಪನ ಮನೆಯವರಿಗೂ ನನ್ನ ನೆನಪು ಹೇಳು. ಶ್ರಾವಣ ಸೋಮವಾರ ತಪ್ಪಿಸಬೇಡ, ಹೆಲ್ಮೆಟ್ ಇಲ್ಲದೆ ಗಾಡಿ ಹತ್ತಬೇಡ. ಶರಣಬಸವ ನಿನ್ನ ನಾಲಗೆಯ ಮೇಲೆ ಕೂರಲಿ.

ಬೈದರೂ ನಿನ್ನವಳೇ ಆದ,
ಅಜ್ಜಿ ಚಂದ್ರಬಾಯಿ

ತಾ.ಕ.: ಸೋಮವಾರ ಬೆಳಗಾಯಿತು. ಅಪೇಕ್ಷಾ ಆಫೀಸಿಗೆ ಹೊರಡುವ ಅವಸರದಲ್ಲಿದ್ದಾಳೆ, ಟಪಾಲಿಗೆ ಹಾಕುವವಳು ಅವಳೇ, ಆದ್ದರಿಂದ ಬೇಗ ಬರೆಯುತ್ತಿದ್ದೇನೆ. ಗಣಪತಿ ಹಬ್ಬ ಮುಗಿಸಿ ಕಲ್ಯಾಣದಲ್ಲಿ ರೈಲು ಹತ್ತಿ ನಾನು ಊರಿಗೆ ಬರುತ್ತಿದ್ದೇನೆ, ಲಾಡ್ಲೆಬಿಯೂ ಜೊತೆಗಿದ್ದಾಳೆ. ಟಿಕೀಟು ಆಗಿದೆ. ಸ್ಟೇಷನ್ನಿಗೆ ಜೀಪು ತಾ, ಅವಳಿಗೆ ಮುಂದಿನ ಸೀಟು. ಈ ಕಾಗದ ಕೈಗೆ ಬಂದ ದಿನವೇ ಗೌಂಡಿಗೆ ಹೇಳಿ ಟೈಲ್ಸಿನ ಕೆಲಸ ನಿಲ್ಲಿಸು. ಆ ಮಣ್ಣನ್ನು ಅವಳು ಕೈಯಿಂದ ಮುಟ್ಟಬೇಕು, ಅವರ ಪ್ರಾರ್ಥನೆ ಮಾಡಬೇಕು, ಆಮೇಲೆ ನೀನು ಬೇಕಾದ್ದು ಹಾಸು. ಹದಿನೇಳನೇ ತಾರೀಖು ಅವಳು ಎಲ್ಲರಿಗಿಂತ ಮುಂದೆ ಕೂರುತ್ತಾಳೆ, ನಮ್ಮವ್ವ ಕುಳಿತ ಹಾಗೆ. ಹಗ್ಗ ಎಳೆಯುವ ಮೊದಲು ಮೈಕಿನಲ್ಲಿ ಬಂದಗಿಸಾಬ ಎಂದು ಹೇಳು, ಅವನ ಜೊತೆ ಈ ಬಾವಿಯಲ್ಲಿ ಇರುವವರು ಎಂದೂ ಹೇಳು. ಅವಳ ಕಿವಿ ಚುರುಕಾಗಿದೆ, ಗೊಣಗಿದರೆ ಗೊತ್ತಾಗುತ್ತದೆ. ಹೇಳುತ್ತೀಯೋ ಇಲ್ಲವೋ ಎಂದು ನನಗೆ ಮೊದಲೇ ತಿಳಿಯಬೇಕು, ಅಷ್ಟು ದೂರ ಕರೆದುಕೊಂಡು ಬಂದು ಅವಳನ್ನು ಇನ್ನೊಮ್ಮೆ ಆ ಊರಿನಿಂದ ಹಾಗೇ ಕಳಿಸಲಾರೆ. ಸೆಪ್ಟೆಂಬರ್ ಹುಟ್ಟುವ ಮೊದಲು ಉತ್ತರ ಬರೆ, ಫೋನಿನಲ್ಲಿ ಅಲ್ಲ, ಕಾಗದದಲ್ಲಿ, ನಿನ್ನ ಕೈಯಿಂದ.