ನನ್ನ ಹೆಸರಿಗೆ ಬಂದ ಬ್ರಿಡ್ಜ್ ಪತ್ರಿಕೆ

ಶಿಕಾರಿಪುರ
೯ ಫೆಬ್ರವರಿ ೨೦೨೪, ಶುಕ್ರವಾರ

ವಸಂತ ಅವರಿಗೆ,

ಹೀಗೆ ಬರೆದ ಕೂಡಲೇ ಇದು ನಮ್ಮ ಆಸ್ಪತ್ರೆಯ ಲ್ಯಾಬಿನಿಂದ ಹೋಗುವ ಪತ್ರದ ಹಾಗೆ ಕಾಣುತ್ತಿದೆ. ಎದುರಿಗಿದ್ದಾಗ ‘ಏನ್ರೀ’ ಎಂದರೆ ತಿರುಗಿ ನೋಡುತ್ತಿದ್ದಿರಿ. ಅದನ್ನು ಕಾಗದದ ಮೇಲೆ ಬರೆಯುವುದು ಹೇಗೆಂದು ತಿಳಿಯದೆ ಹೆಸರು ಹಿಡಿದು ಬರೆದಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಕ್ಷೇಮ. ನಿಮ್ಮ ಕ್ಷೇಮವನ್ನು ಕಳೆದ ವಾರ ಕುಪ್ಪಗಡ್ಡೆಯಲ್ಲಿ ಅತ್ತೆಯಿಂದ ಕೇಳಿ ತಿಳಿದೆ. ಹೌದು, ನಾನು ಬಂದಿದ್ದೆ. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ. ಫೋನಿನಲ್ಲಿ ನಾವಿಬ್ಬರೂ ‘ಊಟ ಆಯ್ತಾ’, ‘ಆಯ್ತು’ ಎನ್ನುವುದರೊಳಗೆ ಮಾತು ಮುಗಿಸಿಬಿಡುತ್ತೇವೆ. ನನ್ನ ತಲೆಯೊಳಗಿನ ಗೊಂದಲ ಅಷ್ಟರಲ್ಲಿ ಹಿಡಿಸುವುದಿಲ್ಲ.

ಮೊದಲಿನಿಂದ ಹೇಳುತ್ತೇನೆ. ದಸರಾ ಮುಗಿದ ವಾರ ಪೋಸ್ಟಿನ ಚೌಡಪ್ಪ ಗೇಟಿನ ಹತ್ತಿರ ನಿಂತು, “ಮೇಡಂ, ಪಿಡಬ್ಲ್ಯುಡಿ ಪರೀಕ್ಷೆ ಏನಾದ್ರೂ ಕಟ್ಟೀರೇನ್ರೀ?” ಎಂದು ಕೇಳಿದ. ಅವನ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನೊಳಗೆ ಒಂದು ಇಂಗ್ಲಿಷ್ ಪತ್ರಿಕೆ. ಮೇಲೆ ದೊಡ್ಡದಾಗಿ ‘ಬ್ರಿಡ್ಜ್’, ಕೆಳಗೆಲ್ಲೋ ‘ಕಾಂಟ್ರಾಕ್ಟ್’. ಸೇತುವೆ ಕಾಂಟ್ರಾಕ್ಟಿನ ವಿಷಯವೆಂದೇ ಅವನು ತಿಳಿದಿದ್ದ. ಇದು ಇಸ್ಪೀಟಿನ ಆಟದ್ದು ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೂಂ ಅಂದುಬಿಟ್ಟೆ. ಅಂದಿನಿಂದ ನಮ್ಮ ಬೀದಿಯಲ್ಲಿ ಲ್ಯಾಬ್ ಮೇಡಂ ಇಂಜಿನಿಯರ್ ಆಗುತ್ತಾರಂತೆ ಎಂಬ ಸುದ್ದಿ ಇದೆ.

ಅಂಥದೇ ಪತ್ರಿಕೆ ಮೊದಲು ನಿಮ್ಮ ಹೆಸರಿಗೆ ಬರುತ್ತಿತ್ತು. ತಟ್ಟೆಯ ಪಕ್ಕದಲ್ಲಿಟ್ಟುಕೊಂಡು ಸಾರು ಆರುವವರೆಗೂ ಓದುತ್ತಿದ್ದಿರಿ. ಸೊರಬಕ್ಕೆ ವರ್ಗವಾಗಿ ನೀವು ಕುಪ್ಪಗಡ್ಡೆಯ ಅಪ್ಪ ಅಮ್ಮನ ಮನೆ ಸೇರಿದ ಮೇಲೆ ಅದು ನಿಂತುಹೋಗಿತ್ತು. ಈಗ ಬಂದದ್ದರ ಮೇಲೆ ‘ಶ್ರೀಮತಿ ಮೀನಾ ವಸಂತ’ ಎಂದು ಅಚ್ಚಾಗಿತ್ತು. ಎಲ್ಲೋ ತಪ್ಪಿರಬೇಕೆಂದು ಟಿವಿ ಪಕ್ಕ ಇಟ್ಟೆ. ಮುಂದಿನ ತಿಂಗಳು ಮತ್ತೆ ಬಂತು. ಆಗ ಸಿಟ್ಟು ಬಂತು. ಇಸ್ಪೀಟಿನ ಎಲೆ ಜೋಡಿಸಲೂ ಬಾರದವಳಿಗೆ ಚಂದಾ ಕಟ್ಟಿ ಇದನ್ನು ಕಳಿಸುವವರು ನೀವಲ್ಲದೆ ಇನ್ಯಾರು? ಅಣಕಿಸಲು ಕಳಿಸಿದ್ದೀರಿ ಎಂದುಕೊಂಡೆ. ಸಂಜೆಯಾಗುವಷ್ಟರಲ್ಲಿ, ಏನೋ ಹೇಳಲು ಕಳಿಸಿರಬಹುದೇ ಎನಿಸಿತು. ಎಲ್ಲಾದರೂ ಗೆರೆ ಎಳೆದಿದ್ದೀರಾ ಎಂದು ಹಾಳೆ ಹಾಳೆ ತಿರುವಿದೆ. ಬರೀ ಕಪ್ಪು, ಕೆಂಪು ಎಲೆಗಳ ಚಿತ್ರ.

ಹಾಗೆ ತಿರುವುವಾಗಲೇ ಒಂದು ಪುಟ ಓದಿದೆ. ಈ ಹದಿಮೂರು ಎಲೆ ನಿಮ್ಮ ಕೈಯಲ್ಲಿವೆ, ಎದುರಿಗೆ ಕೂತ ನಿಮ್ಮ ಜೊತೆಗಾರ ಹರಾಜಿನ ಕೂಗಿನಂತೆ ಇಂಥ ಕರೆ ಹೇಳಿದ್ದಾನೆ, ನೀವೇನು ಹೇಳುತ್ತೀರಿ ಎಂದು ದೊಡ್ಡ ದೊಡ್ಡ ಆಟಗಾರರನ್ನು ಕೇಳಿದ್ದರು. ಒಬ್ಬೊಬ್ಬರದು ಒಂದೊಂದು ಉತ್ತರ. ಜೊತೆಗಾರನ ಮನಸ್ಸಿನಲ್ಲಿ ಇದೇ ಇದೆ ಎಂದು ಒಬ್ಬರು, ಅದು ಖಂಡಿತ ಇರಲಾರದು ಎಂದು ಇನ್ನೊಬ್ಬರು. ಒಂದು ಹನಿ ರಕ್ತಕ್ಕೆ ಒಂದೇ ಉತ್ತರ ಬರೆದು ರೂಢಿಯಾದವಳು ನಾನು. ಇಷ್ಟು ಬುದ್ಧಿವಂತರಿಗೂ ಎದುರಿಗೆ ಕೂತವರ ಮನಸ್ಸು ತಿಳಿಯುವುದಿಲ್ಲವಲ್ಲ ಎಂದು, ಯಾಕೋ, ಸಮಾಧಾನವಾಯಿತು.

ಕೊನೆಗೆ ಒಂದು ಭಾನುವಾರ ಪತ್ರಿಕೆಗಳನ್ನು ಚೀಲಕ್ಕೆ ಹಾಕಿಕೊಂಡು ಮಹೇಶ್ವರಪ್ಪ ವಕೀಲರ ಮನೆಗೆ ಹೋದೆ. ನೀವು ಪ್ರತಿ ಭಾನುವಾರ ಆಡಲು ಹೋಗುತ್ತಿದ್ದ ಆ ಮನೆಯ ಮೆಟ್ಟಿಲನ್ನು ನಾನು ಹತ್ತಿದ್ದು ಅದೇ ಮೊದಲು. ಅವರು, ಅವರ ಹೆಂಡತಿ ವರದಮ್ಮನವರು, ಬ್ಯಾಂಕಿನಿಂದ ನಿವೃತ್ತರಾದ ಅವರ ಗೆಳೆಯರು, ಮೂವರೂ ಪಡಸಾಲೆಯ ಮೇಜಿನ ಸುತ್ತ ಕೂತಿದ್ದರು. ನಿಮ್ಮ ಕುರ್ಚಿ ಖಾಲಿ ಇತ್ತು. ನಿಮ್ಮಲ್ಲಿ ಯಾರಾದರೂ ಇದನ್ನು ತರಿಸಿದ್ದೀರಾ ಎಂದು ಅವರನ್ನು ಕೇಳಿದೆ. “ನಾವ್ಯಾರೂ ತರಿಸಿಲ್ಲಮ್ಮ. ನಾಲ್ಕು ಜನ ಬೇಕು, ಈಗ ಮೂರೇ ಜನ, ಆಟನೇ ಇಲ್ಲ, ಪತ್ರಿಕೆ ಯಾಕೆ?” ಎಂದರು ವಕೀಲರು. ವರದಮ್ಮನವರು ಮಾತ್ರ ನನ್ನ ಚೀಲ ತೆಗೆದು ಬದಿಗಿಟ್ಟು, “ನೀವೇ ಕೂತ್ಕೊಳ್ರೀ. ಬಂದಿದ್ದೀರಿ, ಚಹಾ ಆಗೋತನಕ ಎಲೆ ಹಿಡೀರಿ” ಎಂದರು.

ಹಾಗೆ ಕೂತವಳು ಆಮೇಲೆ ಭಾನುವಾರ ತಪ್ಪಿಸಲಿಲ್ಲ. ನಗಬೇಡಿ. ತುರುಪು ಯಾವುದೆಂಬುದನ್ನೇ ಮರೆತು ಆಡುತ್ತೇನೆ. ವಕೀಲರು ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ಹಾಗೆ, “ಆ ರಾಣಿ ಯಾಕೆ ಬಿಟ್ರಿ, ಕಾರಣ ಹೇಳಿ” ಎಂದು ಕೇಳುತ್ತಾರೆ. ಆದರೂ ಒಂದು ಮಾತು ಮನಸ್ಸಿಗೆ ಹತ್ತಿತು. ಈ ಆಟದಲ್ಲಿ ಮನಸ್ಸಿನಲ್ಲಿರುವುದನ್ನು ಜೊತೆಗಾರನಿಗೆ ಬಿಡಿಸಿ ಹೇಳುವ ಹಾಗಿಲ್ಲ, ಆದರೆ ಸರದಿ ಬಂದಾಗ ಏನಾದರೂ ಹೇಳಲೇಬೇಕು. ಏನೂ ಇಲ್ಲದಿದ್ದರೆ ‘ಪಾಸ್’ ಎಂದಾದರೂ ಹೇಳಬೇಕು. ಸುಮ್ಮನೆ ಕೂರಲು ಯಾರಿಗೂ ಅಪ್ಪಣೆ ಇಲ್ಲ.

ಸಂಕ್ರಾಂತಿಯ ಹಿಂದಿನ ದಿನದ ಆಟದಲ್ಲಿ ನಾನು ಹಾಗೇ ಸುಮ್ಮನೆ ಕೂತಿದ್ದೆ, ಏನು ಹೇಳಬೇಕೆಂದು ತೋಚದೆ. ಬ್ಯಾಂಕಿನವರು ಸರದಿ ನಿಮ್ಮದು ಎಂದು ಎಚ್ಚರಿಸಿದರು. ಆಗ ವಕೀಲರು ಎಲೆ ಕೆಳಗಿಟ್ಟು, “ಈ ಕುರ್ಚಿಲಿ ಹೀಗೆ ಮಾತಿಲ್ದೆ ಕೂತಿದ್ದು ವಸಂತ ಒಬ್ರೇ. ಅದೂ ಒಂದೇ ದಿನ” ಎಂದರು. ಯಾವ ದಿನ ಎಂದು ಕೇಳಿದೆ. ಅವರು ವರದಮ್ಮನವರ ಮುಖ ನೋಡಿದರು.

ಅದು ನಮ್ಮ ಮಗು ಹೊಟ್ಟೆಯಲ್ಲೇ ಹೋದ ಮೇಲಿನ ಭಾನುವಾರ. ನಾನು ಆಸ್ಪತ್ರೆಯಿಂದ ಬಂದು ಮಲಗಿದ್ದೆ. ನೀವು ಚಪ್ಪಲಿ ಮೆಟ್ಟಿಕೊಂಡು ಹೊರಟದ್ದು ಮಲಗಿದ್ದಲ್ಲಿಂದಲೇ ಕೇಳಿಸಿತು. ಇವತ್ತೂ ಎಲೆ ಹಿಡಿಯಲು ಹೋದರಲ್ಲ ಎಂದು ಗೋಡೆಯ ಕಡೆ ತಿರುಗಿದವಳು, ಮತ್ತೆ ನಿಮ್ಮ ಕಡೆ ಪೂರ್ತಿ ತಿರುಗಲೇ ಇಲ್ಲವೇನೋ. ವಕೀಲರು ಹೇಳಿದ್ದು ಬೇರೆ. “ಎಲೆ ಹಂಚಿದ್ವಿ. ಎತ್ತಿ ಜೋಡಿಸ್ಕೊಂಡ್ರು. ಸರದಿ ಬಂತು, ಮಾತಾಡ್ಲಿಲ್ಲ. ಎಲೆ ಮುಖಕ್ಕೆ ಅಡ್ಡ ಹಿಡ್ಕೊಂಡಿದ್ರು. ಅಳ್ತಿದ್ದಾರೆ ಅಂತ ನಮಗೆ ಆಮೇಲೆ ಗೊತ್ತಾಯ್ತು. ನಾವೂ ಎಲೆ ಹಿಡ್ಕೊಂಡೇ ಕೂತ್ವಿ. ಹಂಗೇ ಕತ್ತಲಾಯ್ತು. ಅವತ್ತು ಒಂದು ಎಲೆನೂ ಕೆಳಗೆ ಬೀಳ್ಲಿಲ್ಲಮ್ಮ.” ಅವತ್ತಿನ ನಂತರ ನೀವು ಅಲ್ಲಿಗೆ ಹೋಗಲೇ ಇಲ್ಲವಂತೆ. ಹಾಗಾದರೆ ವರ್ಗವಾಗುವವರೆಗೂ ಭಾನುವಾರ ಮಧ್ಯಾಹ್ನ ಮನೆ ಬಿಟ್ಟು ಎಲ್ಲಿಗೆ ಹೋಗುತ್ತಿದ್ದಿರಿ? ನನಗೆ ತಿಳಿಯದ ಎಷ್ಟೋ ಸಂಗತಿಗಳಲ್ಲಿ ಇದೂ ಒಂದು.

ಮನಸ್ಸು ತಡೆಯಲಿಲ್ಲ. ಕಳೆದ ವಾರ ರಜೆ ಹಾಕಿ, ಪತ್ರಿಕೆಗಳನ್ನು ಹಿಡಿದು ಬಸ್ಸು ಹತ್ತಿದೆ. ಶಿರಾಳಕೊಪ್ಪದಲ್ಲಿ ಇಳಿದು ವಾಪಸ್ ಹೋಗಿಬಿಡಲೇ ಎಂದು ಸೊರಬದ ಕಡೆಯ ಒಂದು ಬಸ್ಸನ್ನು ಬಿಟ್ಟೂಬಿಟ್ಟೆ. ಕುಪ್ಪಗಡ್ಡೆ ತಲುಪಿದರೆ ನೀವಿರಲಿಲ್ಲ. ಗುಡವಿ ಕಡೆ ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕಲು ಹೋಗಿದ್ದೀರೆಂದು ಅತ್ತೆ ಹೇಳಿದರು. ಮಾವ ದೊಡ್ಡಿಯಲ್ಲಿ ಒಂದು ಕುರಿಯ ಗೊರಸು ಹಿಡಿದು ಕೂತಿದ್ದರು. ನನ್ನ ಕೈಯಲ್ಲಿದ್ದುದನ್ನು ನೋಡಿ ಕುರಿಯನ್ನು ಬಿಟ್ಟರು. ಇವನ್ನು ಅವರು ಯಾಕೆ ಕಳಿಸುತ್ತಾರೆ ಮಾವ ಎಂದು ಕೇಳಿದೆ.

“ಅವನಲ್ಲ ಕಣವ್ವ, ನಾನು” ಎಂದರು.

ನನಗೆ ಅರ್ಥವೇ ಆಗಲಿಲ್ಲ. ಅವರಿಗೆ ಇಂಗ್ಲಿಷ್ ಓದಲು ಬಾರದು. “ಅವನ ಹಳೇ ಬುಕ್ಕು ಅಟ್ಟದ ಮ್ಯಾಲಿತ್ತು. ದನದಾಸ್ಪತ್ರೆ ರಾಜುಗೆ ತೋರ್ಸಿ, ಇಂಥದ್ದೇ ನಮ್ಮ ಸೊಸೆ ಹೆಸ್ರಿಗೆ ಬರಂಗೆ ಮಾಡು ಅಂದೆ. ಮೊಬೈಲ್‌ನಾಗೆ ಏನೋ ಒತ್ತಿದ.” ನನಗೆ ಆಡಲು ಬರುವುದಿಲ್ಲವಲ್ಲ ಎಂದೆ. “ನೀ ಆಡ್ಲಿ ಅಂತಲ್ಲ. ಕೇಳಾಕಾದ್ರೂ, ಕೊಟ್ಟು ಹೋಗಾಕಾದ್ರೂ ಬರ್ತೀಯ ಅಂತ. ಹಬ್ಬಕ್ಕೆ ಕರೆದ್ರೆ ನೀ ಡ್ಯೂಟಿ ಅಂತೀಯ. ಅವನ್ನ ಹೋಗು ಅಂದ್ರೆ ದನ ಕಾಯ್ತಾವೆ ಅಂತಾನೆ. ಅವನ ಹೆಸ್ರು ಹಾಕಿಸಿದ್ರೆ ನೀ ಪೋಸ್ಟಿನವ್ನ ಕೈಲೇ ವಾಪಸ್ ಕಳಿಸ್ತಿದ್ದೆ. ನನಗೆ ಬ್ಯಾರೆ ದಾರಿ ಕಾಣ್ಲಿಲ್ಲ. ಅವನಿಗೆ ಹೇಳ್ಬ್ಯಾಡ, ಬೈತಾನೆ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಈಗ ಹೇಳಿಬಿಟ್ಟಿದ್ದೇನೆ. ದಯವಿಟ್ಟು ಅವರನ್ನು ಬೈಯಬೇಡಿ.

ಅತ್ತೆ ರೊಟ್ಟಿ ಬಡಿಸಿದರು. ನೀವು ಬರುವ ಹೊತ್ತು ಹತ್ತಿರವಾದಂತೆ ನನಗೆ ಕೂರಲಾಗಲಿಲ್ಲ. ಬಸ್ಸಿನ ಸದ್ದು ಕೇಳಿದ್ದೇ ಎದ್ದೆ. ಬಸ್ಸು ಊರ ಹೊರಗೆ ಬಂದಾಗ ನಿಮ್ಮ ಬೈಕು ಎದುರಾಯಿತು. ಔಷಧಿ ಪೆಟ್ಟಿಗೆ ಹಿಂದೆ ಕಟ್ಟಿಕೊಂಡು, ಧೂಳಿಗೆ ಕಣ್ಣು ಕಿರಿದು ಮಾಡಿಕೊಂಡು ಹೋದಿರಿ. ತುಂಬ ಬಡವಾಗಿದ್ದೀರಿ.

ನನ್ನ ಗೊಂದಲ ಇಷ್ಟೇ. ನೀವು ಕಳಿಸಿದ್ದೆಂದು ಸಿಟ್ಟಾದೆ. ನೀವು ಕಳಿಸಿದ್ದೆಂದೇ ಓದಿದೆ, ಕಲಿತೆ, ನಿಮ್ಮ ಕುರ್ಚಿಯಲ್ಲಿ ಕೂತೆ. ಕಳಿಸಿದ್ದು ನೀವೇ ಅಲ್ಲ ಎಂದಾದರೆ, ಇಷ್ಟು ತಿಂಗಳಲ್ಲಿ ಮೆತ್ತಗಾದ ಈ ಮನಸ್ಸನ್ನು ಈಗ ಎಲ್ಲಿಡಲಿ? ಆ ಭಾನುವಾರ ಮನೆಗೆ ಬಂದು ನೀವು ಯಾಕೆ ಏನೂ ಹೇಳಲಿಲ್ಲ? ನಾನಾದರೂ ಯಾಕೆ ಕೇಳಲಿಲ್ಲ? ಯಾರ ಸರದಿಯಿತ್ತು ಅವತ್ತು? ಬಿಡಿಸಲು ಹೋದಷ್ಟೂ ಗಂಟಾಗುತ್ತಿದೆ. ನಿಮಗೇನಾದರೂ ತಿಳಿದಿದ್ದರೆ ಬರೆಯಿರಿ.

ಇಂತಿ,
ಶಿಕಾರಿಪುರದ ಅದೇ ಮನೆಯಲ್ಲಿ ಇನ್ನೂ ಇರುವ
ಮೀನಾ

ತಾ.ಕ.: ಶನಿವಾರ. ಪತ್ರ ಅಂಟಿಸುವ ಮೊದಲೇ ಚೌಡಪ್ಪ ಬಂದ. ಇದು ಬೇರೆ ಪತ್ರಿಕೆ, ಹೊರದೇಶದ್ದು, ಆಟವನ್ನು ಹೊಸದಾಗಿ ಕಲಿಯುವವರಿಗೆಂದು ಇರುವುದು. ಹೆಸರು ನನ್ನದೇ. ಮಾವನಿಗೆ ಫೋನು ಮಾಡಿದೆ. “ನಂದಲ್ಲವ್ವ, ನಾ ಹೇಳಿದ್ದು ಒಂದೇ” ಎಂದು ಆಣೆ ಮಾಡಿದರು. ವಕೀಲರನ್ನು ಕೇಳಿದರೆ, ನಾನು ಆಟಕ್ಕೆ ಬರುತ್ತಿರುವುದನ್ನು ಅವರು ಒಬ್ಬರ ಹತ್ತಿರ ಮಾತ್ರ ಹೇಳಿದ್ದಾರಂತೆ, ಯಾರೆಂದು ತಿಳಿಸಲಿಲ್ಲ. ಇದನ್ನು ಕಳಿಸಿದ್ದು ನೀವಾಗಿದ್ದರೆ ಫೋನಿನಲ್ಲಿ ಹೇಳಬೇಡಿ. ಮುಂದಿನ ಭಾನುವಾರ ಬಂದು ಹೇಳಿ. ವರದಮ್ಮನವರು ತಮ್ಮ ಕುರ್ಚಿ ಬಿಟ್ಟುಕೊಡುತ್ತಾರಂತೆ. ನಾನು ಕೂತಿರುವುದನ್ನು ಮಾತ್ರ ಕೊಡುವುದಿಲ್ಲ.