ತೊಟ್ಟಿಲು ಒಯ್ಯಲು ಬನ್ನಿ

ಕಲಘಟಗಿ

ಡಾಕ್ಟರ್ ಸಾಹೇಬರಿಗೆ, ತೊಟ್ಟಿಲು ಮಾಡುವ ಕಾಶಿನಾಥರ ಹೆಂಡತಿ ಸುನಂದಾಳ ನಮಸ್ಕಾರ.

ಹೃದಯದ ನಾಳದ ಕೊಬ್ಬು ತೆಗೆಯಲು ಬಂದ ಬಿಳಿ ರಕ್ತಕಣಗಳೇ ಅದನ್ನು ತಿಂದು ತಿಂದು, ಅಲ್ಲೇ ಸತ್ತು ಗುಡ್ಡೆಯಾಗಿವೆ ಎಂದು ನೀವು ಹೇಳಿದಾಗ ಇವರು ನಕ್ಕಿದ್ದರು. “ಕಾಯಾಕ ಬಂದವ್ರೇ ದಾರಿ ಕಟ್ಟಿ ಕುಂತಾರಲ್ರಿ!”

ರಕ್ತ ತೆಳುವಾಗಿಸುವ ಗುಳಿಗೆಯನ್ನು ಇವರು ತಿಂಗಳಿಂದ ನುಂಗಿರಲಿಲ್ಲ. ಉಳಿ ತಾಗಿದರೆ ರಕ್ತ ನಿಲ್ಲುವುದಿಲ್ಲ, ನಿಮ್ಮ ಮನೆಯ ಕೂಸಿನ ತೊಟ್ಟಿಲ ಮೇಲೆ ರಕ್ತ ಬೀಳಬಾರದು ಎಂದು ಪಕ್ಕದ ಮನೆಯವರ ಬಳಿ ಹೇಳಿದ್ದರಂತೆ. ಗುಳಿಗೆಗಳೆಲ್ಲ ಈಗ ಬಣ್ಣಕ್ಕೆ ಬಳಸುವ ಅರಗಿನ ಡಬ್ಬಿಯಲ್ಲಿ ಸಿಕ್ಕವು.

ಹೋದ ಸೋಮವಾರ ಬಣ್ಣ ಮುಗಿಸಿ, ಎದೆ ಹಿಡಿದು ಕುಳಿತವರು ಏಳಲಿಲ್ಲ.

ನಿಮ್ಮ ಮೊಮ್ಮಗಳಿಗೆ ಹೆಸರಿಡುವ ದಿನದೊಳಗೆ ಗಾಡಿ ಕಳಿಸಿ. ಸೂತಕದ ಮನೆಯದೆಂದು ತೊಟ್ಟಿಲನ್ನು ಬೇಡವೆನ್ನಬೇಡಿ. ಬಿಸಿಲಿಗಿಟ್ಟು ನಾನೇ ಸುತ್ತಲೂ ನೋಡಿದ್ದೇನೆ. ಎಲ್ಲೂ ಒಂದು ಹನಿ ರಕ್ತವೂ ಬಿದ್ದಿಲ್ಲ.

ನಿಮ್ಮ ಗಾಡಿಯ ದಾರಿ ನೋಡುತ್ತಿರುವ,
ಸುನಂದಾ