ಕಿಲಾರಿಯ ಕೈಗೆ ಕೋಳಿ ಕೊಟ್ಟ ಸಮಿತಿಗೆ

ಮಾನ್ಯರೇ,

ಶಾಲಾ ಗ್ರಂಥಾಲಯಗಳಿಗೆ ಕಾದಂಬರಿ ಆರಿಸುವ ಸಮಿತಿಯ ಅಧ್ಯಕ್ಷರಾದ ತಾವು, ನನ್ನನ್ನು ಒಂದು ಮಾತೂ ಕೇಳದೆ, ನನ್ನ ಕಾದಂಬರಿಯೊಳಗೆ ಒಂದು ಕೋಳಿ ಕೊಯ್ಯಿಸಿದ್ದೀರಿ. ಕಚೇರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಈಗ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ಕಾದಂಬರಿ ನಮ್ಮ ತುರುವನೂರು ಹೋಬಳಿಯ ದೇವರ ಎತ್ತುಗಳದ್ದು, ಅವನ್ನು ಕಾಯುವ ಒಬ್ಬ ಕಿಲಾರಿಯದ್ದು. ದೇವರ ಹೆಸರಿಗೆ ಬಿಟ್ಟ ಆ ಎತ್ತುಗಳ ಹೆಗಲಿಗೆ ಯಾರೂ ನೊಗ ಇಡುವುದಿಲ್ಲ. ಸತ್ತರೆ ಮನೆಯ ಹಿರಿಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಇದನ್ನು ಓದಿದ ತಮ್ಮ ತಜ್ಞರು, ‘ಕೃತಿಯಲ್ಲಿ ಭಾರತೀಯ ಸಾಂಸ್ಕೃತಿಕ ಹಾಗೂ ಐತಿಹಾಸಿಕ ಹಿನ್ನೆಲೆ ಸಾಲದು’ ಎಂದು ಷರಾ ಬರೆದರು. ಸ್ವಾಮಿ, ತುರುವನೂರು ಭಾರತದಿಂದ ಹೊರಗೆ ಹೋದದ್ದು ಯಾವಾಗ? ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರ ಊರದು. ಅವರು ಹೋರಾಡಿದ್ದು ಯಾವ ದೇಶಕ್ಕೆ ಎಂದು ವಿಚಾರಿಸೋಣವೆಂದರೆ ಅವರೂ ಈಗ ಉಳಿದಿಲ್ಲ.

ಹಿನ್ನೆಲೆ ಸಾಲದಿದ್ದರೆ ತುಂಬಿಸಬೇಕಲ್ಲ? ಅಚ್ಚಿಗೆ ಹೋಗುವ ಪ್ರತಿಯಲ್ಲಿ ತಜ್ಞರೇ ಬರೆದ ಪ್ರಸಂಗವೊಂದು ಬಂದು ಕೂತಿತ್ತು. ಯುದ್ಧದಿಂದ ಮರಳುವ ರಾಜನೊಬ್ಬ ಎತ್ತುಗಳನ್ನು ಕೂಡುವ ರೊಪ್ಪದಲ್ಲಿ ತಂಗುತ್ತಾನೆ. ಕಿಲಾರಿ ಕೋಳಿ ಕೊಯ್ದು, ಸಾರು ಮಾಡಿಸಿ, ಈಚಲು ಹೆಂಡ ಬಗ್ಗಿಸಿ ‘ಭಾರತೀಯ ಅತಿಥಿ ಸತ್ಕಾರದ ಪರಂಪರೆ’ಯನ್ನು ಮೆರೆಯುತ್ತಾನೆ. ಕಥೆ ನಡೆಯುವುದು ಮೊನ್ನೆ ಮೊನ್ನೆ, ಊರಿಗೆ ಕರೆಂಟು ಬಂದಮೇಲೆ. ರಾಜ ಯಾವ ಬಸ್ಸಿಗೆ ಬಂದನೋ ತಜ್ಞರೇ ಹೇಳಬೇಕು. ದುರ್ಗದ ಕಡೆಯವರಾದ ನಮಗೆ ರಾಜರ ಕೊರತೆಯೇನೂ ಇಲ್ಲ. ಕೋಟೆ ಕಣ್ಣೆದುರೇ ಇದೆ. ಖಾನಾವಳಿಯಿಂದ ಟೈರು ಅಂಗಡಿಯವರೆಗೆ ಪಾಳೆಗಾರರದ್ದೇ ಹೆಸರು. ಇದೊಂದು ರೊಪ್ಪವನ್ನಾದರೂ ಅವರಿಲ್ಲದೆ ಬಿಡಬಹುದಿತ್ತು.

ರಾಜನನ್ನು ಹೇಗೋ ಸಹಿಸಿಕೊಂಡೇನು. ಆದರೆ ಕೋಳಿ? ಎತ್ತು ಕಾಯುವ ನಮ್ಮ ಜನ ಕೋಳಿ ತಿನ್ನುವುದಿಲ್ಲ, ಸಾಕುವುದಿಲ್ಲ, ಹೊಸ್ತಿಲೊಳಗೂ ಬಿಡುವುದಿಲ್ಲ. ಈಚಲು ಹೆಂಡ ಮುಟ್ಟುವುದಿಲ್ಲ. ನಾವು ಬಿಟ್ಟ ಎರಡು ಪದಾರ್ಥಗಳನ್ನು ಹುಡುಕಿ ತಂದು ಒಂದೇ ಪುಟದಲ್ಲಿ ಬಡಿಸಿದ ಸಂಶೋಧನೆಗೆ ತಲೆದೂಗಬೇಕು. ಇಡೀ ದೇಶದ ಸಂಸ್ಕೃತಿ ತಿಳಿದವರಿಗೆ ಒಂದು ಹಟ್ಟಿಯ ಊಟ ತಿಳಿಯುವುದು ಅಷ್ಟು ಕಷ್ಟವೇ?

ಆ ಕಿಲಾರಿ ನಾನು ಕಲ್ಪಿಸಿಕೊಂಡ ಮನುಷ್ಯನಲ್ಲ. ನನ್ನ ಸೋದರತ್ತೆ ಹನುಮಮ್ಮನ ಗಂಡ, ಎರ್ರಿಸ್ವಾಮಿ ಮಾವ. ತೀರಿಕೊಂಡು ಬಹಳ ವರ್ಷವಾಯಿತು; ಒಂದು ಫೋಟೊ ಕೂಡ ಇಲ್ಲ. ಅತ್ತೆಗೆ ಓದಲು ಬರುವುದಿಲ್ಲ. ಬರೆದದ್ದನ್ನೆಲ್ಲ ನನ್ನಿಂದ ಓದಿಸಿ ಕೇಳುತ್ತಿದ್ದಳು. ಮಾವ ಎತ್ತುಗಳನ್ನು ಕರೆಯುತ್ತಿದ್ದ ದನಿಯನ್ನು ತಾನೇ ಕೂಗಿ ತೋರಿಸಿದ್ದಳು. ಅಚ್ಚಿಗೆ ಹೋಗುವ ಆ ಪ್ರತಿ ಕೈಗೆ ಬಂತೆಂದು, ಮೊದಲೇ ತಿರುವಿ ನೋಡದೆ, ಸಡಗರದಿಂದ ಅವಳ ಜಗಲಿಯಲ್ಲಿ ಕೂತು ಓದತೊಡಗಿದೆ. ಕೋಳಿಯ ಮಾತು ಬಂದಕೂಡಲೇ ಕೈ ಅಡ್ಡ ಹಿಡಿದಳು.

“ಸಾಕು ನಿಲ್ಸಪ್ಪ. ಅದನ್ನ ಒಳಗೆ ತರಬ್ಯಾಡ, ಹೊರಗೇ ಇಡು.”

“ಅತ್ತೆ, ಇದು ಬರೀ ಹಾಳೆ.”

“ಈ ಹಾಳೇಲಿ ನಿಮ್ಮ ಮಾವ ಅವ್ರೆ ಅಂತ ನೀನೇ ಹೇಳ್ತಿದ್ದೆ. ಅವ್ರು ಇದ್ಮೇಲೆ ಕೋಳೀನೂ ಐತೆ ತಾನೇ?”

ಇದು ಬೇರೆಯವರು ಸೇರಿಸಿದ್ದು ಎಂದು ಎಷ್ಟು ಹೇಳಿದರೂ ಆಕೆ ಕೇಳಲಿಲ್ಲ. ಪುಸ್ತಕದ ಮೇಲೆ ಇರುವುದು ನನ್ನ ಹೆಸರು ತಾನೇ? ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ನನಗೆ ಹೊಟ್ಟೆ ಉರಿಯುತ್ತಿದೆ ಮಾನ್ಯರೇ, ಮುಚ್ಚಿಡುವುದೇನಿದೆ. ಈ ಪುಸ್ತಕ ನಮ್ಮ ಹಟ್ಟಿಯ ಮಕ್ಕಳ ಶಾಲೆಗೂ ಬರುತ್ತದೆ. ಮಾವನನ್ನು ಕಾಣದ ಆ ಮಕ್ಕಳಿಗೆ ಇನ್ನು ಮೇಲೆ ಆತ ತಮ್ಮ ತಜ್ಞರು ಬರೆದ ಮನುಷ್ಯನೇ.

ಆದ್ದರಿಂದ ಆ ಪ್ರಸಂಗವನ್ನು ತೆಗೆದುಹಾಕಿ. ಆಗದಿದ್ದರೆ ಕಾದಂಬರಿಯನ್ನೇ ಕೈಬಿಡಿ, ನನಗೆ ಬೇಸರವಿಲ್ಲ. ಬೇಸರವಿದೆ, ಆದರೂ ಕೈಬಿಡಿ. ಎರಡೂ ಆಗದೆಂದರೆ ತಾವೇ ಬಂದು ಆ ಪುಟವನ್ನು ಅತ್ತೆಗೆ ಓದಿ ಹೇಳಿ. “ಬರ್ರಿ, ಕುಂತ್ಕಳ್ರಿ” ಎಂದು ಕಂಬಳಿ ಹಾಸುತ್ತಾಳೆ, ಮಜ್ಜಿಗೆ ಕೊಡುತ್ತಾಳೆ. ಆಮೇಲೆ, ನನ್ನನ್ನು ಕೊನೆಯದಾಗಿ ಕೇಳಿದ್ದನ್ನೇ ತಮ್ಮನ್ನೂ ಕೇಳುತ್ತಾಳೆ: “ಬದುಕಿರೋ ತನಕ ಮುಟ್ಟದೇ ಇದ್ದದ್ದನ್ನ, ಸತ್ತ ಮೇಲೆ ಯಾಕೆ ಮುಟ್ಟುಸ್ತೀರಿ?”

ಇಂತಿ,
ತಮ್ಮ ಸಮಿತಿಯ ದಯೆಯಿಂದ ಸೋದರತ್ತೆಯ ಹೊಸ್ತಿಲು ದಾಟಲಾರದ
ತಿಪ್ಪಯ್ಯ, ತುರುವನೂರು ಹೋಬಳಿ